ಸಾಕ್ಷ್ಯಚಿತ್ರವೂ ಸಾಕ್ಷಿಧರ್ಮವೂ

ಬದುಕಿರುವ ಮನುಷ್ಯರನ್ನು ಅವರ ಹೆಸರು, ಮುಖ, ಮನೆ, ಕಸಬುಗಳೊಡನೆ ತೆರೆಯ ಮೇಲೆ ತೋರಿಸುವ ಚಲಚ್ಚಿತ್ರಪ್ರಕಾರಕ್ಕೆ ಕನ್ನಡದಲ್ಲಿ ಸಾಕ್ಷ್ಯಚಿತ್ರವೆಂಬ ಹೆಸರು ರೂಢಿಗೆ ಬಂದು ನಿಂತಿದೆ. ಇಂಗ್ಲಿಷಿನ ಡಾಕ್ಯುಮೆಂಟರಿ ಎಂಬ ಪದವು ದಸ್ತಾವೇಜನ್ನು, ಎಂದರೆ ಬರೆದಿಟ್ಟ ಪತ್ರವನ್ನು, ನೆನಪಿಗೆ ತರುತ್ತದೆ. ಕನ್ನಡದ ಪದವಾದರೋ ಸಾಕ್ಷಿಯನ್ನು, ಎಂದರೆ ಒಬ್ಬ ಮನುಷ್ಯನನ್ನು, ಮುಂದೆ ತಂದು ನಿಲ್ಲಿಸುತ್ತದೆ. ಈ ಭೇದವು ಸಣ್ಣದಲ್ಲ. ಪತ್ರಕ್ಕೆ ಲಜ್ಜೆಯಿಲ್ಲ, ಭಯವಿಲ್ಲ, ನಾಳೆ ಊರಿನಲ್ಲಿ ತಲೆಯೆತ್ತಿ ನಡೆಯಬೇಕೆಂಬ ಚಿಂತೆಯಿಲ್ಲ. ಸಾಕ್ಷಿಗೆ ಇವೆಲ್ಲವೂ ಉಂಟು. ಆದುದರಿಂದ ಸಾಕ್ಷ್ಯಚಿತ್ರದ ಕಲಾವಿಚಾರವನ್ನು ಅದರ ಧರ್ಮವಿಚಾರದಿಂದ ಬೇರ್ಪಡಿಸಿ ನಡೆಸುವುದು, ಕನ್ನಡದ ಹೆಸರನ್ನೇ ನಂಬುವುದಾದರೆ, ಆಗದ ಮಾತು.

ಈ ವಿಚಾರಕ್ಕೆ ಈಗ ತ್ವರೆಯೂ ಉಂಟು. ಹಿಂದೆ ಇಂಥ ಚಿತ್ರವನ್ನು ತೆಗೆಯಬೇಕಾದರೆ ೧೯೪೮ರಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಷನ್ನಿನಂಥ ಸರ್ಕಾರಿ ಸಂಸ್ಥೆಯ ಇಲ್ಲವೆ ಶ್ರೀಮಂತ ಕಂಪೆನಿಯೊಂದರ ಆಶ್ರಯವು ಬೇಕಾಗುತ್ತಿತ್ತು. ಈಗ ವಿದ್ಯಾರ್ಥಿಯ ಕಿಸೆಯಲ್ಲಿರುವ ಫೋನೇ ಸಾಕಾಗಿದೆ. ಬೆಂಗಳೂರಿನ ದಂಡುಪ್ರದೇಶದ ರಿಚರ್ಡ್ಸ್ ಟೌನಿನ ಹಳೆಯ ಬಂಗಲೆಗಳ ಮುಂದೆಯೂ, ಅಲ್ಲಿಂದ ನಡೆದು ಹೋಗುವಷ್ಟು ದೂರದ ಪಾಟರಿ ಟೌನಿನ ಕುಂಬಾರರ ಚಕ್ರದ ಮುಂದೆಯೂ ಕ್ಯಾಮೆರಾ ಹಿಡಿದು ಕುಳಿತವರು ಕಣ್ಣಿಗೆ ಬೀಳುವುದು ಅಪೂರ್ವವಲ್ಲ. ಇವರಿಗೆ ಕಸಬನ್ನು ಕಲಿಸುವ ಶಾಲೆಗಳು ಬೆಳಕು, ಮಸೂರ, ಸಂಕಲನಗಳ ವಿಷಯವಾಗಿ ವಿಸ್ತಾರವಾದ ಪಾಠಗಳನ್ನು ಹೇಳುತ್ತವೆ. ಎದುರಿಗೆ ಕುಳಿತವನು ಯಾರು, ಅವನಿಗೂ ಚಿತ್ರಕ್ಕೂ ಇರುವ ಸಂಬಂಧವೇನು ಎಂಬುದು ಒಂದು ಒಪ್ಪಿಗೆಪತ್ರದ ರುಜುವಿನಲ್ಲಿ ಮುಗಿದುಹೋಗುತ್ತದೆ.

ವಿಮರ್ಶೆಯೂ ಇದಕ್ಕಿಂತ ಬಹಳ ಮುಂದೆ ಹೋದಂತಿಲ್ಲ. ಅದು ಬಹುಕಾಲದಿಂದ ಹೆಚ್ಚಾಗಿ ಕೇಳುತ್ತ ಬಂದಿರುವುದು ಒಂದೇ ಪ್ರಶ್ನೆ: ತೋರಿಸಿದ್ದು ನಡೆದದ್ದೋ, ನಡೆಸಿದ್ದೋ? ಕರ್ಣಾಟಕದ ನೆಲದಲ್ಲಿಯೇ ತೆಗೆದ ಎರಡು ಚಿತ್ರಗಳನ್ನು, ಒಂದು ಮೈಸೂರಿನದು, ಮತ್ತೊಂದು ನಿಪ್ಪಾಣಿಯದು, ಎದುರುಬದುರಾಗಿ ಇಟ್ಟು ನೋಡಿದರೆ ಆ ಪ್ರಶ್ನೆಯು ಅಷ್ಟು ಮುಖ್ಯವಲ್ಲವೆಂದೂ, ತೋರಿಸಲ್ಪಟ್ಟವರಿಗೆ ಆ ತೋರಿಕೆಯ ಮೇಲೆ ಏನು ಅಧಿಕಾರವಿತ್ತೆಂಬುದೇ ಮುಖ್ಯವೆಂದೂ ಕಂಡುಬರುತ್ತದೆ. ಅದಕ್ಕೆ ಮೊದಲು ಸಾಕ್ಷಿ ಎಂಬ ಶಬ್ದದ ಹಿಂದಿರುವ ಶಾಸ್ತ್ರವನ್ನು ಸ್ವಲ್ಪ ನೋಡಿಕೊಳ್ಳುವುದು ಒಳ್ಳೆಯದು.

ಈ ವಿಷಯದಲ್ಲಿ ಕನ್ನಡನಾಡಿನಲ್ಲಿ ಹುಟ್ಟಿದ ಗ್ರಂಥವೊಂದಕ್ಕೆ, ಬಂಗಾಳವನ್ನು ಬಿಟ್ಟರೆ, ಭರತಖಂಡದ ಬಹುಭಾಗದಲ್ಲಿ ಪ್ರಾಮಾಣ್ಯವು ದೊರೆತಿತ್ತು. ಕಲ್ಯಾಣದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವೇ ಅದು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಯಾರು ಸಾಕ್ಷಿಗಳಾಗಲು ಅರ್ಹರಲ್ಲವೆಂಬ ಒಂದು ಪಟ್ಟಿಯುಂಟು. ಹೆಂಗಸು, ಬಾಲಕ, ವೃದ್ಧ, ಜೂಜುಗಾರ, ಉನ್ಮತ್ತ ಮೊದಲಾದವರೊಡನೆ ಅಲ್ಲಿ ರಂಗಾವತಾರಿಯೂ, ಎಂದರೆ ನಟನೂ, ಸೇರಿದ್ದಾನೆ. ಇನ್ನೊಬ್ಬರ ಮಾತನ್ನು ತನ್ನದೆಂಬಂತೆ ಆಡುವುದೇ ಕಸಬಾದವನ ಮಾತನ್ನು ಸಭೆಯಲ್ಲಿ ನಂಬುವುದು ಹೇಗೆಂಬ ಶಂಕೆಯು ಇದರ ಹಿಂದೆ ಇದ್ದಿರಬೇಕು. ಹೆಂಗಸನ್ನು ಹೊರಗಿಟ್ಟುದನ್ನು ಇಂದು ಯಾರೂ ಸಮರ್ಥಿಸಲಾರರು. ಆದರೆ ಅದೇ ಪ್ರಕರಣದಲ್ಲಿ ಮುಂದೆ ಬರುವ ಒಂದು ಅಪವಾದವು ಗಮನಾರ್ಹವಾದುದು: ಕಳವು, ಪಾರುಷ್ಯ, ಸಾಹಸ, ಎಂದರೆ ಬಲಾತ್ಕಾರ, ಇಂಥವುಗಳಲ್ಲಿ ಎಲ್ಲರೂ ಸಾಕ್ಷಿಗಳಾಗಬಹುದು. ಬಲವಂತನು ದುರ್ಬಲನ ಮೇಲೆ ಕೈಮಾಡಿದಾಗ ಸಾಕ್ಷಿಯ ಕುಲಶೀಲಗಳನ್ನು ಕೇಳುತ್ತ ಕುಳಿತಿರಲಾಗದೆಂಬ ಲೋಕಜ್ಞಾನವು ಇದರಲ್ಲಿದೆ.

ಸಾಕ್ಷ್ಯಚಿತ್ರವು ಈ ಪಟ್ಟಿಯನ್ನು ತಲೆಕೆಳಗು ಮಾಡಿ ಹುಟ್ಟಿದ ಕಲೆಯೆಂದರೆ ತಪ್ಪಾಗಲಾರದು. ಶಾಸ್ತ್ರವು ಹೊರಗೆ ನಿಲ್ಲಿಸಿದ ಹೆಂಗಸು, ಬಾಲಕ, ನಟ ಈ ಮೂವರೇ ಅದರ ಮುಖ್ಯ ಸಾಕ್ಷಿಗಳು. ನಟನು ಎಲ್ಲಿಂದ ಬಂದನೆಂದು ಕೇಳುವವರಿಗೆ ಉತ್ತರ ಸುಲಭ. ನೀರು ಸೇದಿದುದನ್ನು ಬೆಳಕು ಸಾಲದಿದ್ದುದರಿಂದ ಇನ್ನೊಮ್ಮೆ ಸೇದಿ ತೋರಿಸಬೇಕೆಂದು ಕೇಳಿಕೊಂಡ ಕ್ಷಣದಲ್ಲಿಯೇ ಮನೆಯವಳು ತನ್ನ ಪಾತ್ರವನ್ನು ತಾನೇ ಅಭಿನಯಿಸತೊಡಗುತ್ತಾಳೆ. ಸಾಕ್ಷಿಯೂ ಅವಳೇ, ರಂಗಾವತಾರಿಯೂ ಅವಳೇ.

ತೋರಿಸಲ್ಪಟ್ಟವರ ಅಧಿಕಾರವೆಂಬುದು ಹೊಸ ಕಾಲದ ಕಲ್ಪನೆಯೆಂದು ತಿಳಿಯುವವರು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯವನ್ನು ಮತ್ತೆ ಓದಬೇಕು. ಇಂದ್ರಧ್ವಜದ ಉತ್ಸವದಲ್ಲಿ ಭರತನ ಮಕ್ಕಳು ಆಡಿದ ಮೊತ್ತಮೊದಲನೆಯ ಪ್ರಯೋಗದ ವಸ್ತುವು ದೈತ್ಯರ ಪರಾಜಯ. ದೈತ್ಯರು ಕಥೆಯ ಒಳಗೆ ಮಾತ್ರವೇ ಇರಲಿಲ್ಲ, ಸಭೆಯಲ್ಲಿಯೂ ಕುಳಿತಿದ್ದರು. ತಮ್ಮ ಸೋಲನ್ನು ತಾವೇ ನೋಡಬೇಕಾಗಿ ಬಂದ ಅವರು ವಿರೂಪಾಕ್ಷನನ್ನು ಮುಂದಿಟ್ಟುಕೊಂಡು ವಿಘ್ನಗಳೊಡನೆ ಸೇರಿ ನಟರ ಮಾತು, ಚೇಷ್ಟೆ, ಸ್ಮೃತಿಗಳನ್ನು ಸ್ತಂಭನಗೊಳಿಸಿದರು. ಇಂದ್ರನು ಜರ್ಜರದಿಂದ ಹೊಡೆದನು; ರಕ್ಷಣೆಗಾಗಿ ನಾಟ್ಯಮಂಟಪವು ಎದ್ದಿತು. ಆದರೂ ಕೊನೆಗೆ ಬ್ರಹ್ಮನೇ ದೈತ್ಯರನ್ನು ಕರೆದು ಅವರ ದೂರನ್ನು ಕೇಳಬೇಕಾಯಿತು. ನಾಟ್ಯವು ದೇವತೆಗಳೊಬ್ಬರದಲ್ಲ, ಮೂರು ಲೋಕಗಳ ಭಾವಗಳ ಅನುಕೀರ್ತನವೆಂದು ಅವನು ಸಮಾಧಾನ ಹೇಳಿದನು. ಅಲಂಕಾರಶಾಸ್ತ್ರದ ಪಾಠಗಳಲ್ಲಿ ಬ್ರಹ್ಮನ ಉತ್ತರವನ್ನು ವಿಸ್ತರಿಸುವುದು ವಾಡಿಕೆ. ವಿರೂಪಾಕ್ಷನ ಪ್ರಶ್ನೆಯನ್ನು ಯಾರೂ ವಿಸ್ತರಿಸುವುದಿಲ್ಲ. ಭರತಖಂಡದ ರಂಗಭೂಮಿಯ ಇತಿಹಾಸವು ತೋರಿಸಲ್ಪಟ್ಟವರ ಆಕ್ಷೇಪದಿಂದ ಆರಂಭವಾಗುತ್ತದೆಂಬುದು ಮರೆತುಹೋಗಿದೆ.

ಈ ಸಂದರ್ಭದಲ್ಲಿಯೇ ಅಭಿನವಗುಪ್ತನು ವರ್ತಮಾನಪುರುಷರ ಚರಿತವನ್ನು ಅನುಕರಿಸುವುದು ಯುಕ್ತವಲ್ಲವೆಂದು ವಾದಿಸುತ್ತಾನೆ. ಕಣ್ಣೆದುರಿನಲ್ಲಿ ಬದುಕಿರುವವನ ವಿಷಯದಲ್ಲಿ ಪ್ರೇಕ್ಷಕನಿಗೆ ರಾಗವೋ ದ್ವೇಷವೋ ಔದಾಸೀನ್ಯವೋ ಇದ್ದೇ ಇರುವುದರಿಂದ ತನ್ಮಯೀಭಾವವು ಸಿದ್ಧಿಸಲಾರದೆಂಬುದು ಅವನು ಕೊಡುವ ಕಾರಣ. ಪ್ರೇಕ್ಷಕನ ಹಿತವನ್ನು ನೋಡಿ ಆಡಿದ ಮಾತು ಇದು. ತೋರಿಸಲ್ಪಟ್ಟವನ ನೋವು ಇದರಲ್ಲಿ ಸೇರಿಲ್ಲ. ಆದರೂ ಬದುಕಿರುವವನನ್ನು ಕಾವ್ಯವಸ್ತುವಾಗಿಸುವುದು ಬೇರೆಯೇ ಜಾತಿಯ ಕೆಲಸವೆಂಬ ಅರಿವು ಅಲ್ಲಿ ಸ್ಪಷ್ಟವಾಗಿದೆ.

ಕನ್ನಡ ಕವಿಗಳು ಈ ನಿಷೇಧವನ್ನು ಒಂದು ಉಪಾಯದಿಂದ ದಾಟಿದರು. ೯೪೧ರಲ್ಲಿ ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಬೆರೆಸಿದನು. ರನ್ನನು ಇರಿವಬೆಡಂಗನನ್ನು ಭೀಮನಲ್ಲಿ ಬೆರೆಸಿದನು. ಅಲ್ಲಿ ವರ್ಣಿತನು ಮೇಲಿದ್ದನು, ವರ್ಣಿಸಿದವನು ಕೆಳಗೆ. ಅರಿಕೇಸರಿಯು ಕೊಟ್ಟ ಧರ್ಮವುರವೆಂಬ ಅಗ್ರಹಾರವು ಈ ಸಂಬಂಧದ ಕುರುಹು. ಅಂಥ ಕಾವ್ಯಕ್ಕೆ ತಗಲಬಹುದಾದ ದೋಷವೆಂದರೆ ಸ್ತುತಿ. ಸಾಕ್ಷ್ಯಚಿತ್ರದಲ್ಲಿ ಈ ತಕ್ಕಡಿಯು ಬಹುಮಟ್ಟಿಗೆ ತಿರುಗಿಬಿದ್ದಿದೆ: ತೋರಿಸುವವನಿಗೆ ವಿದ್ಯೆ, ಯಂತ್ರ, ಹಣ, ಪರದೇಶದ ಉತ್ಸವಗಳ ಪರಿಚಯ, ತೋರಿಸಲ್ಪಡುವವನಿಗೆ ಮುಖವೊಂದೇ ಬಂಡವಾಳ. ಇಲ್ಲಿ ತಗಲುವ ದೋಷವು ಸ್ತುತಿಯಲ್ಲ, ಅಪಹರಣ.

ಇನ್ನು ಮೈಸೂರಿನ ಚಿತ್ರ. ರಾಬರ್ಟ್ ಫ್ಲಾಹರ್ಟಿಯು ಸಾಕ್ಷ್ಯಚಿತ್ರದ ಮೂಲಪುರುಷನೆಂದು ಪ್ರಸಿದ್ಧನಾದವನು. ಡಾಕ್ಯುಮೆಂಟರಿ ಎಂಬ ಪದವು ಇಂಗ್ಲಿಷಿನಲ್ಲಿ ಈ ಅರ್ಥಕ್ಕೆ ನಿಂತದ್ದು ೧೯೨೬ರಲ್ಲಿ ಜಾನ್ ಗ್ರಿಯರ್ಸನ್ನನು ಅವನ ಮೋಆನಾ ಚಿತ್ರವನ್ನು ವಿಮರ್ಶಿಸಿದ ಮೇಲೆ. ಅದಕ್ಕೂ ಮೊದಲು, ೧೯೨೨ರಲ್ಲಿ, ಉತ್ತರ ಕೆನಡಾದ ಹಿಮಪ್ರದೇಶದ ಜನರನ್ನು ಕುರಿತ ನಾನೂಕ್ ಎಂಬ ಚಿತ್ರದಿಂದ ಅವನಿಗೆ ಕೀರ್ತಿ ಬಂದಿತ್ತು. ಆ ಚಿತ್ರದ ನಾಯಕನ ನಿಜವಾದ ಹೆಸರು ಅಲ್ಲಕರಿಯಲ್ಲಕ್. ತೆರೆಯ ಮೇಲಿನ ಕುಟುಂಬವು ಅವನ ಕುಟುಂಬವಲ್ಲ. ಒಳಗೆ ಬೆಳಕು ಬೀಳಲೆಂದು ಹಿಮದ ಮನೆಯನ್ನು ಅರ್ಧಕ್ಕೆ ಕತ್ತರಿಸಲಾಗಿತ್ತು. ಬಂದೂಕನ್ನು ಬಲ್ಲ ಜನರ ಕೈಗೆ ಹಳೆಯ ಈಟಿಗಳನ್ನು ಕೊಡಲಾಗಿತ್ತು. ಇದನ್ನೆಲ್ಲ ಹೊರಗೆಡಹಿ ಫ್ಲಾಹರ್ಟಿಯನ್ನು ಸುಳ್ಳುಗಾರನೆಂದು ಕರೆದವರು ಹಲವರು. ಆದರೆ ಅವನು ತೆಗೆದ ಭಾಗಗಳನ್ನು ಅಲ್ಲಿಯೇ ಸಂಸ್ಕರಿಸಿ ಆ ಜನರಿಗೇ ತೋರಿಸುತ್ತಿದ್ದನೆಂಬುದೂ, ಮುಂದೆ ಏನನ್ನು ತೆಗೆಯಬೇಕೆಂಬುದರಲ್ಲಿ ಅವರೂ ಕೈಗೂಡಿಸುತ್ತಿದ್ದರೆಂಬುದೂ ಅಷ್ಟೇ ನಿಜ. ದೈತ್ಯರು ಸಭೆಯಲ್ಲಿ ಕುಳಿತಿದ್ದರು. ಅವರ ಅಭಿಪ್ರಾಯಕ್ಕೆ ಬೆಲೆಯೂ ಇತ್ತು.

೧೯೩೫ರಲ್ಲಿ ಈತನು ಲಂಡನ್ನಿನ ಅಲೆಕ್ಸಾಂಡರ್ ಕೋರ್ಡನ ಕಂಪೆನಿಯ ಪರವಾಗಿ ಮೈಸೂರಿಗೆ ಬಂದನು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲ. ಮಿರ್ಜಾ ಇಸ್ಮಾಯಿಲರ ದಿವಾನಗಿರಿ. ಬಾಲಕನೊಬ್ಬನಿಗೂ ಆನೆಗೂ ಇರುವ ಸ್ನೇಹವನ್ನು ಚಿತ್ರಿಸಬೇಕೆಂಬುದು ಅವನ ಉದ್ದೇಶ. ಅದಕ್ಕೆ ಹೊದಿಕೆಯಾಗಿ ಕಿಪ್ಲಿಂಗನ ಟೂಮಾಯಿಯ ಕಥೆಯನ್ನು ಆರಿಸಿಕೊಂಡಿದ್ದರು. ಅರಮನೆಯ ಆನೆಗಳೂ ಮಾವುತರೂ ದೊರೆತರು. ಆನೆಲಾಯದ ಬಳಿ ಚಿತ್ರತಂಡಕ್ಕೆ ಹನ್ನೊಂದು ಹನ್ನೆರಡರ ವಯಸ್ಸಿನ ಹುಡುಗನೊಬ್ಬನೂ ದೊರೆತನು. ಹೆಗ್ಗಡದೇವನಕೋಟೆಯ ಕಡೆಯ ಕಾರಾಪುರದಲ್ಲಿ ೧೯೨೪ರಲ್ಲಿ ಹುಟ್ಟಿದ ಸಾಬು ಮಾವುತನ ಮಗ, ತಂದೆಯನ್ನು ಕಳೆದುಕೊಂಡವನು, ಅರಮನೆಯ ಅಲ್ಪ ಮಾಸಾಶನದ ಆಶ್ರಯದಲ್ಲಿದ್ದವನು. ಅಣ್ಣನ ಹೆಸರಾದ ದಸ್ತಗೀರ್ ಎಂಬುದು ಮುಂದೆ ಪರದೇಶಗಳಲ್ಲಿ ತಮ್ಮನ ಹೆಸರಿನ ಬಾಲವಾಗಿ ಅಂಟಿಕೊಂಡಿತು.

ಮೈಸೂರು ಸೀಮೆಯಲ್ಲಿ ಫ್ಲಾಹರ್ಟಿ ತೆಗೆದ ಭಾಗಗಳಲ್ಲಿ ಅವನ ಕಣ್ಣಿನ ಗುಣವು ಚೆನ್ನಾಗಿ ಕಾಣುತ್ತದೆ. ಬಾಲಕನು ಆನೆಯ ಮೈಯನ್ನು ತೊಳೆಯುವುದು, ಅದರ ಮೇಲೆ ಏರುವುದು, ಅದಕ್ಕೆ ಮಾತು ಹೇಳುವುದು, ಇವುಗಳಲ್ಲಿ ಅಭಿನಯದ ಸೋಂಕೇ ಇಲ್ಲ. ಹುಟ್ಟಿನಿಂದ ಬಂದ ಕಸಬಿನ ನಿಶ್ಚಿಂತೆಯಿದೆ. ಲಂಡನ್ನಿಗೆ ಈ ನಿಧಾನವು ಸಹನೆಯಾಗಲಿಲ್ಲ. ಚಿತ್ರವು ಕಥೆಯನ್ನು ಬೇಡಿತು. ೧೯೩೬ರಲ್ಲಿ ತಂಡವನ್ನು ಹಿಂದಕ್ಕೆ ಕರೆಸಿಕೊಂಡು, ಅಲೆಕ್ಸಾಂಡರನ ತಮ್ಮನಾದ ಜೋಲ್ತಾನ್ ಕೋರ್ಡನ ನಿರ್ದೇಶನದಲ್ಲಿ ಡೆನ್ಹಮ್ ಸ್ಟುಡಿಯೋದಲ್ಲಿ ಉಳಿದ ಭಾಗವನ್ನು ತೆಗೆದು ಸೇರಿಸಿದರು. ಮಾಚುವಾ ಅಪ್ಪನೇ ಮೊದಲಾದ ದೇಶೀಯ ಪಾತ್ರಗಳಿಗೆ ಇಂಗ್ಲಿಷ್ ನಟರು ಬಣ್ಣ ಹಚ್ಚಿಕೊಂಡರು. ಬಾಲಕನನ್ನೂ ಅವನ ಅಣ್ಣನನ್ನೂ ಇಂಗ್ಲೆಂಡಿಗೆ ಕರೆದೊಯ್ದರು. ಆನೆಯ ಬೆನ್ನಿನ ಮೇಲೆ ಯಾರೂ ಕಲಿಸಬೇಕಾಗಿಲ್ಲದ ಹುಡುಗನು ಇಲ್ಲಿ ತನ್ನದಲ್ಲದ ಭಾಷೆಯಲ್ಲಿ ಕಲಿತ ಮಾತುಗಳನ್ನು ಒಪ್ಪಿಸುತ್ತಾನೆ. ಒಂದೇ ಚಿತ್ರದೊಳಗೆ ಸಾಕ್ಷಿಯು ರಂಗಾವತಾರಿಯಾಗುವ ಸಂಧಿಸ್ಥಾನವನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಉದಾಹರಣೆ ಮತ್ತೊಂದು ದೊರೆಯುವುದು ಕಷ್ಟ. ೧೯೩೭ರಲ್ಲಿ ಎಲಿಫೆಂಟ್ ಬಾಯ್ ಎಂಬ ಹೆಸರಿನಿಂದ ಹೊರಬಂದ ಈ ಚಿತ್ರಕ್ಕೆ ವೆನಿಸ್ಸಿನ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿಯು ಬಂದಿತು. ಫ್ಲಾಹರ್ಟಿ, ಕೋರ್ಡ ಇಬ್ಬರೂ ಅದನ್ನು ಹಂಚಿಕೊಂಡರು.

ಕಥೆಯಲ್ಲಿ ಟೂಮಾಯಿಯ ತಂದೆಯನ್ನು ಹುಲಿ ಕೊಲ್ಲುತ್ತದೆ, ಹುಡುಗನು ದುಃಖಿಸುತ್ತಾನೆ. ಆ ದುಃಖವನ್ನು ಅಭಿನಯಿಸಿದವನು ನಿಜವಾಗಿಯೂ ತಂದೆಯಿಲ್ಲದ ಹುಡುಗ. ಪ್ರೇಕ್ಷಕರು ಮರುಗಿದ್ದು ಟೂಮಾಯಿಗೋ ಸಾಬುವಿಗೋ? ಚಿತ್ರವು ಆ ಭೇದವನ್ನು ಮರೆಸಿಯೇ ಫಲವನ್ನು ಪಡೆಯಿತು. ಇದಕ್ಕೆ ಒಪ್ಪಿಗೆ ಕೊಟ್ಟವರು ಯಾರು? ಅರಮನೆಯು ಕೊಟ್ಟಿತು, ಬಂಧುಗಳು ಕೊಟ್ಟರು, ಹುಡುಗನೂ ಸಂತೋಷದಿಂದಲೇ ಕೊಟ್ಟಿರಬಹುದು. ಆದರೆ ಬೇಡವೆಂದರೆ ಏನಾದೀತೆಂದು ತಿಳಿದು, ಬೇಡವೆನ್ನುವ ಶಕ್ತಿಯೂ ಇದ್ದು, ಆಮೇಲೆ ಬೇಕೆಂದವನು ಅವರಲ್ಲಿ ಒಬ್ಬನಾದರೂ ಇದ್ದನೆಂದು ಹೇಳುವುದು ಕಷ್ಟ. ಬಾಲಕನನ್ನು ಸಾಕ್ಷಿಯಾಗಿ ಒಪ್ಪದ ಸ್ಮೃತಿಕಾರನ ಮಾತಿಗೆ ಇಲ್ಲಿ ಒಂದು ಹೊಸ ಅರ್ಥವು ಹೊಳೆಯುತ್ತದೆ: ಬಾಲಕನು ಸುಳ್ಳಾಡುವನೆಂದಲ್ಲ, ಸಾಕ್ಷ್ಯದ ಭಾರವನ್ನು ಅವನ ತಲೆಯ ಮೇಲೆ ಹೊರಿಸಬಾರದೆಂದು.

ಸಾಬುವಿಗೆ ಇದರಿಂದ ಕೇಡೇ ಆಯಿತೆಂದು ಹೇಳುವಂತಿಲ್ಲ. ಅವನು ೧೯೪೦ರ ಥೀಫ್ ಆಫ್ ಬಾಗ್ದಾದ್, ೧೯೪೨ರ ಜಂಗಲ್ ಬುಕ್ ಮೊದಲಾದ ಚಿತ್ರಗಳಿಂದ ಜಗತ್ಪ್ರಸಿದ್ಧನಾದನು. ೧೯೪೪ರಲ್ಲಿ ಅಮೆರಿಕದ ಪ್ರಜೆಯಾಗಿ, ಅಲ್ಲಿನ ವಾಯುಪಡೆಯಲ್ಲಿ ಗೋಲಂದಾಜನಾಗಿ ಯುದ್ಧಪದಕವನ್ನು ಪಡೆದನು. ೧೯೬೩ರಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಕಾರಾಪುರದ ಮಾವುತನ ಮಗನಿಗೆ ಇಷ್ಟು ಲೋಕವು ತೆರೆದದ್ದು ಆ ಚಿತ್ರದಿಂದಲೇ. ಆದರೆ ಪರಿಣಾಮವು ಒಳ್ಳೆಯದಾದ ಮಾತ್ರಕ್ಕೆ ಕ್ರಮವು ಒಳ್ಳೆಯದಾಗುವುದಿಲ್ಲ. ಒಬ್ಬ ಸಾಬುವಿಗೆ ಹಾಲಿವುಡ್ಡು ದೊರೆತರೆ, ಚಿತ್ರದಲ್ಲಿ ಮುಖ ಕೊಟ್ಟ ಉಳಿದ ಮಾವುತರು, ಕಾವಾಡಿಗಳ ಹೆಸರುಗಳು ಪಾತ್ರವರ್ಗದ ಪಟ್ಟಿಯಲ್ಲಿಯೂ ಉಳಿದಿಲ್ಲ. ಫ್ಲಾಹರ್ಟಿಯ ಹೆಂಡತಿ ಫ್ರಾನ್ಸಿಸ್ ಮೈಸೂರಿನಿಂದ ಮಕ್ಕಳಿಗೆ ಬರೆದ ಓಲೆಗಳು ಎಲಿಫೆಂಟ್ ಡಾನ್ಸ್ ಎಂಬ ಹೆಸರಿನಲ್ಲಿ ೧೯೩೭ರಲ್ಲಿಯೇ ಪುಸ್ತಕವಾದವು. ಮೈಸೂರಿನವರು ಬರೆದ ಓಲೆಗಳಿದ್ದರೆ ಆ ಚಿತ್ರದ ಇತಿಹಾಸವು ಪೂರ್ಣವಾಗುತ್ತಿತ್ತು.

ನಿಪ್ಪಾಣಿಯ ಚಿತ್ರದ ಹುಟ್ಟು ಇದಕ್ಕೆ ತೀರ ವಿರುದ್ಧವಾದುದು. ನಿಪ್ಪಾಣಿ ಬೆಳಗಾವಿ ಜಿಲ್ಲೆಯ ಗಡಿಯ ಊರು, ೧೯೫೬ರ ರಾಜ್ಯಪುನರ್ವಿಂಗಡಣೆಯಲ್ಲಿ ಮುಂಬಯಿ ಪ್ರಾಂತದಿಂದ ಮೈಸೂರು ರಾಜ್ಯಕ್ಕೆ ಬಂದುದು, ಮರಾಠಿಯನ್ನಾಡುವವರು ಹೇರಳ. ತಂಬಾಕು ಅಲ್ಲಿಯ ಬೆಳೆ, ಬೀಡಿ ಅಲ್ಲಿಯ ಕಸಬು. ತಂಬಾಕಿನ ವಖಾರಿಗಳಲ್ಲಿ ಎಲೆಯನ್ನು ಕುಟ್ಟಿ, ಜರಡಿ ಹಿಡಿದು, ಮೂಗುಬಾಯಿಗಳಿಗೆ ಸೆರಗು ಕಟ್ಟಿಕೊಂಡು ದೂಳಿನಲ್ಲಿ ದುಡಿಯುತ್ತಿದ್ದವರು ಹೆಂಗಸರು. ಅವರು ಸಂಘ ಕಟ್ಟಿ ಮುಷ್ಕರ ಹೂಡಿದ ಸುದ್ದಿಯನ್ನು ಕೇಳಿ ಯುಗಾಂತರವೆಂಬ ಚಿತ್ರಮಂಡಲಿಯು ಅಲ್ಲಿಗೆ ಹೋಯಿತು. ೧೯೮೦ರಲ್ಲಿ ಆರಂಭವಾದ ಈ ಮಂಡಲಿಯಲ್ಲಿ ಇದ್ದವರು ದೀಪಾ ಧನರಾಜ್, ಆಭಾ ಭೈಯಾ, ಮೀರಾ ರಾವ್, ಮತ್ತು ಕ್ಯಾಮೆರಾ ಹಿಡಿದ ನವರೋಜ್ ಕಾಂಟ್ರಾಕ್ಟರ್. ಧನರಾಜ್, ಕಾಂಟ್ರಾಕ್ಟರ್ ಇಬ್ಬರೂ ಬೆಂಗಳೂರಿನಲ್ಲಿ ನೆಲಸಿದವರು. ತಂಡವು ಸುಮಾರು ನಾಲ್ಕು ತಿಂಗಳು ಆ ಹೆಂಗಸರ ನಡುವೆ ಇದ್ದು, ಅವರ ಮಾತನ್ನು ಕೇಳಿ, ಏನನ್ನು ಹೇಗೆ ತೋರಿಸಬೇಕೆಂಬುದನ್ನು ಅವರೊಡನೆಯೇ ನಿರ್ಣಯಿಸಿತು. ಸುಮಾರು ಇಪ್ಪತ್ತೈದು ನಿಮ್ಮಿಷದ ಈ ಮರಾಠಿ ಚಿತ್ರವು ೧೯೮೨ರಲ್ಲಿ ತಂಬಾಕೂ ಚಾಕಿಲಾ ಊಬ ಆಲೀ ಎಂಬ ಹೆಸರಿನಿಂದ ಹೊರಬಂದಿತು. ಇಂಗ್ಲಿಷಿನಲ್ಲಿ ತಂಬಾಕಿನ ಕೆಂಡಗಳೆಂಬರ್ಥದ ಹೆಸರಿನಿಂದ ತಿಳಿಯಲ್ಪಟ್ಟಿದೆ.

ನಡೆದದ್ದೋ ನಡೆಸಿದ್ದೋ ಎಂಬ ಪ್ರಶ್ನೆಯನ್ನು ಇಲ್ಲಿ ಕೇಳಿದರೆ ಎಲಿಫೆಂಟ್ ಬಾಯ್ ಚಿತ್ರಕ್ಕೂ ಇದಕ್ಕೂ ಇರುವ ಅಂತರವನ್ನು ಕಾಣುವುದೇ ಸಾಧ್ಯವಾಗದು. ಏಕೆಂದರೆ ಹಿಂದೆ ನಡೆದುದನ್ನು ಮತ್ತೆ ನಡೆಸಿ ತೋರಿಸುವುದಕ್ಕೆ ಯುಗಾಂತರವೂ ಹಿಂಜರಿಯಲಿಲ್ಲ. ಮಾರನೆಯ ವರ್ಷ ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನೆಯೊಡನೆ ಕೂಡಿ ತೆಗೆದ ಇದಿ ಕಥ ಮಾತ್ರಮೇನಾ ಎಂಬ ತೆಲುಗು ಚಿತ್ರದಲ್ಲಿಯಂತೂ ಕಲ್ಪಿತ ಕಥೆಯನ್ನೇ ಹೆಣೆಯಿತು. ಭೇದವಿರುವುದು ಅಭಿನಯದಲ್ಲಿ ಅಲ್ಲ. ಅಭಿನಯದ ಸೂತ್ರವನ್ನು ಹಿಡಿದವರಲ್ಲಿ. ಮೈಸೂರಿನ ಹುಡುಗನಿಗೆ ಅವನ ಪಾತ್ರವನ್ನು ಕಿಪ್ಲಿಂಗನೂ ಕೋರ್ಡನೂ ಬರೆದುಕೊಟ್ಟರು. ನಿಪ್ಪಾಣಿಯ ಹೆಂಗಸರು ತಾವು ಮಾಡಿದ ಮುಷ್ಕರವನ್ನು ತಮ್ಮ ನೆನಪಿನಿಂದ ತಾವೇ ಬರೆದುಕೊಂಡರು. ಮಿತಾಕ್ಷರೆಯ ಮಾತಿನಲ್ಲಿ ಹೇಳುವುದಾದರೆ ವಖಾರಿಯೊಳಗಿನ ಸಾಹಸಕ್ಕೆ ಹೆಂಗಸರೇ ಅರ್ಹಸಾಕ್ಷಿಗಳು. ಅವರು ರಂಗಾವತಾರಿಗಳಾದದ್ದು ಆ ಸಾಕ್ಷ್ಯವನ್ನು ಸ್ಪಷ್ಟಪಡಿಸುವುದಕ್ಕೆ.

ಇಷ್ಟರಿಂದ ನಿಪ್ಪಾಣಿಯ ಚಿತ್ರವು ನಿರ್ದೋಷವೆಂದು ತೀರ್ಮಾನಿಸುವುದು ಅವಸರವಾದೀತು. ಸಂಘದ ಒಪ್ಪಿಗೆಯು ಒಬ್ಬೊಬ್ಬಳ ಒಪ್ಪಿಗೆಯಾಗಲಾರದು. ಸಭೆಯಲ್ಲಿ ಎಲ್ಲರೊಡನೆ ಕೈಯೆತ್ತಿದವಳು ಮಾರನೆಯ ದಿನ ವಖಾರಿಯ ಬಾಗಿಲಲ್ಲಿ ಒಬ್ಬಳೇ ನಿಲ್ಲಬೇಕು. ಅವಳ ಮುಖವನ್ನು ಮಾಲಿಕನೂ ಚಿತ್ರದಲ್ಲಿ ನೋಡಬಲ್ಲನು. ಕಾಲದ ತೊಡಕೂ ಉಂಟು. ಆ ಹೆಂಗಸರು ಒಪ್ಪಿದ್ದು ತಮ್ಮಂಥ ಕೂಲಿಕಾರರ ಸಭೆಗಳಲ್ಲಿ ಪರದೆ ಕಟ್ಟಿ ತೋರಿಸುವ ಚಿತ್ರಕ್ಕೆ. ಬರ್ಲಿನ್ನಿನ ಆರ್ಸೆನಲ್ ಸಂಸ್ಥೆಯ ಸಹಕಾರದಿಂದ ಯುಗಾಂತರದ ಚಿತ್ರಗಳು ಈಚೆಗೆ ಜೀರ್ಣೋದ್ಧಾರವಾಗಿ ನಿಪ್ಪಾಣಿಯವರು ಕಂಡರಿಯದ ಊರುಗಳ ಪ್ರೇಕ್ಷಕರ ಮುಂದೆ ನಿಂತಿವೆ. ಚಿತ್ರಗಳು ಉಳಿದದ್ದು ಭಾಗ್ಯವೇ ಸರಿ. ಆದರೆ ೧೯೮೨ರ ಒಪ್ಪಿಗೆಯು ಎಷ್ಟು ದೂರ, ಎಷ್ಟು ಕಾಲ ಸಲ್ಲುತ್ತದೆಂಬುದಕ್ಕೆ ಯಾವ ಶಾಸ್ತ್ರದಲ್ಲಿಯೂ ಉತ್ತರವಿಲ್ಲ.

ಇದೇ ದೀಪಾ ಧನರಾಜರ ೧೯೯೧ರ ಸಮ್‌ಥಿಂಗ್ ಲೈಕ್ ಎ ವಾರ್ ಈ ಸಂದೇಹವನ್ನು ಇನ್ನಷ್ಟು ತೀಕ್ಷ್ಣಗೊಳಿಸುತ್ತದೆ. ಸರ್ಕಾರದ ಕುಟುಂಬಯೋಜನೆಯ ಕ್ರೌರ್ಯವನ್ನು ಬಯಲಿಗೆಳೆಯುವ ಈ ಚಿತ್ರದಲ್ಲಿ ಎರಡು ಬಗೆಯ ಹೆಂಗಸರಿದ್ದಾರೆ. ಒಂದು ಕಡೆ ವೃತ್ತವಾಗಿ ಕುಳಿತು ತಮ್ಮ ದೇಹ, ಬಸಿರು, ಬಯಕೆಗಳ ವಿಷಯವಾಗಿ ನಗುತ್ತ, ವಾದಿಸುತ್ತ ಮಾತನಾಡುವವರು. ಮತ್ತೊಂದು ಕಡೆ ಶಿಬಿರದಲ್ಲಿ ಸಾಲಾಗಿ ಶಸ್ತ್ರಚಿಕಿತ್ಸೆಗೆ ಮಲಗಿದವರು. ಅವರ ಪಕ್ಕದಲ್ಲಿ ತಾನು ಮಾಡಿದ ಶಸ್ತ್ರಕ್ರಿಯೆಗಳ ಸಂಖ್ಯೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ವೈದ್ಯ. ಮೊದಲಿನವರು ಕ್ಯಾಮೆರಾವನ್ನು ನೋಡಬಲ್ಲರು, ಎರಡನೆಯವರು ನೋಡಲಾರರು. ವೈದ್ಯನಿಗೆ ಅವರು ಸಂಖ್ಯೆಯಾದರು. ಚಿತ್ರಕ್ಕೆ ಅವರು ಪುರಾವೆಯಾದರು. ಅನ್ಯಾಯವನ್ನು ತೋರಿಸುವುದಕ್ಕಾಗಿ ಅನ್ಯಾಯಕ್ಕೊಳಗಾದವಳ ಅಸಹಾಯ ದೇಹವನ್ನು ತೋರಿಸಲೇಬೇಕಾದಾಗ ಏನು ಗತಿ? ತೋರಿಸದಿದ್ದರೆ ಲೋಕವು ನಂಬುವುದಿಲ್ಲ. ತೋರಿಸಿದರೆ ಅವಳಿಗೆ ಎರಡನೆಯ ಸಲ ಅಪಚಾರವಾಗುತ್ತದೆ. ಆ ವೃತ್ತದ ಹೆಂಗಸರನ್ನು ಚಿತ್ರದಲ್ಲಿ ಮತ್ತೆ ಮತ್ತೆ ತಂದುದರಿಂದ ಧನರಾಜರು ಈ ಋಣವನ್ನು ಕೆಲಮಟ್ಟಿಗೆ ತೀರಿಸಿದ್ದಾರೆ. ದೇಹವನ್ನು ಕಳೆದುಕೊಂಡವರ ಪಕ್ಕದಲ್ಲಿ ದೇಹಕ್ಕೆ ಒಡತಿಯರಾದವರು ಕುಳಿತಿದ್ದಾರೆ. ಮಲಗಿದವರ ಸಾಲವು ಪೂರ್ತಿ ತೀರಿತೆಂದು ಹೇಳುವ ಧೈರ್ಯವನ್ನು ವಿಮರ್ಶಕನು ಮಾಡಬಾರದು.

ಸಂಕಲನದ ವಿಷಯವಾಗಿ ಒಂದು ಮಾತು. ಛಾಯಾಗ್ರಹಣಕ್ಕಿಂತ ಸಂಕಲನದ ಮೇಜಿನ ಮೇಲೆಯೇ ಸಾಕ್ಷಿಗೆ ಹೆಚ್ಚು ಅಪಾಯವುಂಟು. ಪ್ರಶ್ನೆಯನ್ನು ಅಳಿಸಿ ಉತ್ತರವನ್ನು ಮಾತ್ರ ಉಳಿಸುವ ಪದ್ಧತಿಯು ಈಗ ಎಲ್ಲೆಲ್ಲಿಯೂ ಬಳಕೆಯಲ್ಲಿದೆ. ಕೇಳಿದ್ದಕ್ಕೆ ಒಲ್ಲದ ಮನಸ್ಸಿನಿಂದ ಹೇಳಿದವನು ಇದರಿಂದ ತಾನಾಗಿಯೇ ಬಂದು ಹೇಳಿಕೊಂಡವನಂತೆ ಕಾಣುತ್ತಾನೆ. ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ಇದ್ದ ಮೌನವನ್ನು ಕತ್ತರಿಸಿ ಆ ಜಾಗದಲ್ಲಿ ಅವನ ಕೈಗಳ ಚಿತ್ರವನ್ನು ಇಟ್ಟರೆ ಎರಡು ಮಾತುಗಳೂ ಒಂದೇ ಉಸಿರಿನವಾಗುತ್ತವೆ. ನ್ಯಾಯಾಲಯದಲ್ಲಿ ಸಾಕ್ಷಿಯ ಹೇಳಿಕೆಯನ್ನು ಹೀಗೆ ತಿದ್ದಿದರೆ ಅಪರಾಧ. ಚಿತ್ರದಲ್ಲಿ ತಿದ್ದಿದರೆ ಲಯ. ಲಯವು ಬೇಡವೆಂದು ಯಾವ ಸಹೃದಯನೂ ಹೇಳಲಾರನು. ಲಯಕ್ಕಾಗಿ ಏನನ್ನು ಕತ್ತರಿಸಲಾಯಿತೆಂಬುದು ಮಾತ್ರ ಕತ್ತರಿಸಲ್ಪಟ್ಟವನಿಗಾದರೂ ತಿಳಿದಿರಬೇಕು.

ಪ್ರಖ್ಯಾತರ ವಿಷಯವು ಬೇರೆ. ಗಿರೀಶ ಕಾರ್ನಾಡರು ೧೯೭೨ರಲ್ಲಿ ದ. ರಾ. ಬೇಂದ್ರೆಯವರನ್ನು ಕುರಿತು ಸಾಕ್ಷ್ಯಚಿತ್ರವನ್ನು ತೆಗೆದಾಗ ಕವಿಗೆ ಎಪ್ಪತ್ತಾರು ವರ್ಷ. ಮಾತಿನಲ್ಲಿ ಸಭೆಯನ್ನು ಆಳುವುದನ್ನು ಬಹುಕಾಲದಿಂದ ಬಲ್ಲವರು. ಅಂಥವರ ಮುಂದೆ ರಕ್ಷಣೆ ಬೇಕಾಗುವುದು ಹಲವು ವೇಳೆ ನಿರ್ದೇಶಕನಿಗೇ.

ಕಾನೂನು ಈ ವಿಷಯದಲ್ಲಿ ಸ್ವಲ್ಪ ದೂರ ಬಂದಿದೆ. ಬರೆಯುವವನೇ ಆಗಲಿ ಬೇರೆಯವರೇ ಆಗಲಿ, ಒಬ್ಬನ ಖಾಸಗಿ ಜೀವನದ ವಿಷಯಗಳನ್ನು ಅವನ ಒಪ್ಪಿಗೆಯಿಲ್ಲದೆ ಪ್ರಕಟಿಸಲಾಗದು, ಆದರೆ ಸಾರ್ವಜನಿಕ ದಾಖಲೆಗಳಲ್ಲಿ ಇರುವುದಕ್ಕೆ ಈ ತಡೆಯಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ೧೯೯೪ರ ರಾಜಗೋಪಾಲ್ ಮೊಕದ್ದಮೆಯಲ್ಲಿ ಹೇಳಿತು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತಿತು; ಆ ಮೊಕದ್ದಮೆಯನ್ನು ಹೂಡಿದವರು ಕರ್ಣಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಆದರೆ ಹಕ್ಕನ್ನು ನ್ಯಾಯಾಲಯದವರೆಗೆ ಹೊತ್ತುಕೊಂಡು ಹೋಗಬಲ್ಲವನಿಗೆ ಮಾತ್ರ ತೀರ್ಪಿನ ಪ್ರಯೋಜನ. ಈ ಮಾತು ನಿಚ್ಚಳವಾಗಬೇಕಾದರೆ ದಂಡುಪ್ರದೇಶದ ಆ ಎರಡು ಬಡಾವಣೆಗಳಿಗೆ ಮತ್ತೆ ಬರಬೇಕು.

ರಿಚರ್ಡ್ಸ್ ಟೌನ್ ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ನಿನ ಕಾಲದಲ್ಲಿ ಬೆಳೆದ ಬಡಾವಣೆ. ೧೯೪೭ರಲ್ಲಿ ಆ ಸ್ಟೇಷನ್ನು ಮೈಸೂರಿಗೆ ಮರಳಿ ಸೇರುವವರೆಗೆ ಪೇಟೆಯ ಬೆಂಗಳೂರಿಗೂ ಅದಕ್ಕೂ ಆಡಳಿತವೇ ಬೇರೆ. ಇಂದಿಗೂ ಅಲ್ಲಿ ಇಂಗ್ಲಿಷ್, ತಮಿಳು, ಉರ್ದು, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಅಲ್ಲಿ ಉಳಿದಿರುವ ಒಂದು ಹಳೆಯ ಬಂಗಲೆಯನ್ನು, ಅದು ಬಿದ್ದು ಮಹಡಿಮನೆಗಳು ಏಳುವ ಮುನ್ನ, ಯಾರಾದರೂ ಚಿತ್ರಿಸಲು ಬಂದರೆಂದು ಊಹಿಸಬಹುದು. ಮನೆಯೊಡತಿಯು ವರಾಂಡದಲ್ಲಿ ಕುಳಿತು ಅಜ್ಜನ ಕಾಲದ ಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಯಾವ ಕೋಣೆಯೊಳಗೆ ಬರಬಾರದೆಂದು ಮೊದಲೇ ತಿಳಿಸುತ್ತಾಳೆ, ಮುಗಿದ ಚಿತ್ರವನ್ನು ತನಗೆ ತೋರಿಸಬೇಕೆಂದು ಕೇಳುತ್ತಾಳೆ, ಬೇಡವಾದುದನ್ನು ತೆಗೆಸುತ್ತಾಳೆ. ಅವಳ ಬಂಧುಗಳಲ್ಲಿ ವಕೀಲರೂ ಇದ್ದಾರು. ಹಿತ್ತಲ ಕೋಣೆಯಲ್ಲಿ ನಲವತ್ತು ವರ್ಷದಿಂದ ಅಡಿಗೆ ಮಾಡಿಕೊಂಡಿರುವ ಮುದುಕಿಯು ಅದೇ ಚಿತ್ರದಲ್ಲಿ ಎರಡು ಸಲ ತಟ್ಟೆ ಹಿಡಿದು ಹಾದುಹೋಗುತ್ತಾಳೆ. ಅವಳನ್ನು ಯಾರೂ ಕೇಳಲಿಲ್ಲ. ಮನೆಯೊಡತಿಯ ಒಪ್ಪಿಗೆಯಲ್ಲಿ ಅವಳದೂ ಸೇರಿತೆಂದು ಎಲ್ಲರೂ, ಬಹುಶಃ ಅವಳೂ, ತಿಳಿದರು.

ಪಾಟರಿ ಟೌನಿನಲ್ಲಿ ಗೌರೀಗಣೇಶನ ಹಬ್ಬದ ಮುಂಚಿನ ದಿನಗಳು ಕುಂಬಾರರಿಗೆ ವರ್ಷದ ದುಡಿಮೆಯ ಕಾಲ. ಕ್ಯಾಮೆರಾಗಳು ಬರುವುದೂ ಆಗಲೇ. ಮಣ್ಣು ಮೆತ್ತಿದ ಕೈ, ತಿರುಗುವ ಚಕ್ರ, ಅರ್ಧ ಬಣ್ಣವಾದ ಗಣಪತಿಯ ಕಣ್ಣು, ಇವು ತೆರೆಯ ಮೇಲೆ ಚೆನ್ನಾಗಿ ಕಾಣುತ್ತವೆ. ಕೈಯೇ ಮುಖ್ಯವಾದಾಗ ಕೈಯವನ ಹೆಸರು ಕೇಳುವುದು ಮರೆತುಹೋಗುತ್ತದೆ. ಅವನು ತಮಿಳಿನಲ್ಲಿಯೋ ಕನ್ನಡದಲ್ಲಿಯೋ ಆಡಿದ ಮಾತಿನ ಮೇಲೆ ಇಂಗ್ಲಿಷ್ ಧ್ವನಿಯೊಂದು ಬಂದು ಕೂರುತ್ತದೆ; ನಶಿಸುತ್ತಿರುವ ಕಸಬು ಎಂಬ ಮಾತು ಅದರಲ್ಲಿ ತಪ್ಪದೆ ಬರುತ್ತದೆ. ಹಬ್ಬ ಮುಗಿದ ಮೇಲೆ ಚಿತ್ರವು ಯಾವುದೋ ಉತ್ಸವಕ್ಕೆ ಹೋಗುತ್ತದೆ. ಫ್ಲಾಹರ್ಟಿ ತನ್ನ ಬೇಟೆಗಾರರಿಗೆ ನೂರು ವರ್ಷಗಳ ಹಿಂದೆ ಹಿಮದ ನಡುವೆ ಪರದೆ ಕಟ್ಟಿ ತೋರಿಸಿದನು. ಪಾಟರಿ ಟೌನಿನಲ್ಲಿ ಅದಕ್ಕೆ ಒಂದು ಬಿಳಿಯ ಪಂಚೆಯೂ ಒಂದು ಸಂಜೆಯೂ ಸಾಕು. ಚಿತ್ರವನ್ನು ಕೊನೆಯ ಸಲ ಕತ್ತರಿಸುವುದಕ್ಕೆ ಮುಂಚಿನ ಸಂಜೆ, ಕುಂಬಾರನು ತನ್ನ ಮನೆಯವರೊಡನೆ ಮುಂದಿನ ಸಾಲಿನಲ್ಲಿ ಕುಳಿತಿರುವಾಗ.